ಐವತ್ತು ಕಾರು ನಿಲ್ಲುವ ಜಾಗ

"ಎತ್ತೇ ನಿನ್ನ ತಿಕಾನ! ಕಾರು ಬರೋದು ಕಾಣ್ಸಲ್ವೇನೇ ಮುಂಡೆ?"

ನಾನು ಸ್ಟೇಷನ್ ಮುಂದೆ ಜಲ್ಲಿ ಕುಟ್ಟುತ್ತಾ ಕೂತಿದ್ದೆ. ಏಳುವಷ್ಟರಲ್ಲಿ ಪಂಚಾಯ್ತಿ ಛೇರ್ಮನ್ ವೆಂಕಟರಾಯಪ್ಪನ ಅಂಬಾಸಿಡರ್ ಕಾರು ನನ್ನ ಜಲ್ಲಿ ಗುಡ್ಡೆಯ ಮೇಲೆ ಹತ್ತಿ ನಿಂತಿತ್ತು. ಬೆಳಗಿನಿಂದ ಕುಟ್ಟಿದ ಗುಡ್ಡೆ. ಚಕ್ರ ಗರಗರ ತಿರುಗಿತು, ಕಲ್ಲು ಸಿಡಿದು ಮೊಣಕಾಲಿಗೆ ಬಡಿಯಿತು. ಸುಮ್ಮನಿರಬೇಕಿತ್ತು. ಸುಮ್ಮನಿರುವ ಹೆಂಗಸು ನಾನಲ್ಲ. ಜಡಿಗೇನಹಳ್ಳಿಯಿಂದ ನನ್ನನ್ನು ಈ ಊರಿಗೆ ಕೊಡುವಾಗಲೇ ನನ್ನವ್ವ ಹೇಳಿದ್ದಳು, ದ್ಯಾವಿ, ನಿನ್ನ ಬಾಯೇ ನಿನ್ನ ಶತ್ರು ಕಣೇ ಅಂತ.

"ಕಾರಿಗೂ ಕಣ್ಣಿಲ್ವಾ ಬುದ್ಧಿ? ಮುಂದ್ಗಡೆ ಎಲ್ಡು ದೀಪ ಮಡಗವ್ರಲ್ಲ," ಅಂದುಬಿಟ್ಟೆ.

ಅವನು ಬಾಗಿಲು ತೆಗೆದು ಇಳಿದ. ನನ್ನ ತುರುಬಿಗೆ ಕೈಹಾಕಿ ಎಳೆದುಕೊಂಡು ಹೋಗಿ ಕಾರಿನ ದೀಪಕ್ಕೆ ನನ್ನ ಮುಖ ಒತ್ತಿದ. "ನೋಡೇ. ಕಣ್ಣೈತಾ ಇಲ್ವಾ ಸರ್ಯಾಗಿ ನೋಡು," ಅಂತ ಒಂದು ಸಲ ಬಡಿದ. ಆಮೇಲೆ ಎರಡು ಸಲ. ದೀಪದ ಗಾಜು ಒಡೆಯಲಿಲ್ಲ, ನನ್ನ ಮುಂದಿನ ಎರಡು ಹಲ್ಲು ಹೋದವು. ಪ್ಯಾಸೆಂಜರ್ ರೈಲಿಗೆ ಕಾಯುತ್ತಿದ್ದವರು ಹತ್ತು ಹದಿನೈದು ಜನ ಇದ್ದರು. ಎಲ್ಲರಿಗೂ ಅದೇ ಗಳಿಗೆಯಲ್ಲಿ ರೈಲು ಬರುವ ದಿಕ್ಕು ನೋಡಬೇಕೆನಿಸಿತು. ಸ್ಟೇಷನ್ ಮಾಸ್ತರು ಟಿಕೆಟ್ ಕಿಟಕಿ ಮುಚ್ಚಿಕೊಂಡರು.

"ಥತ್, ಹೊಲೆರಕ್ತ ಮೆತ್ಕೊಂತು. ಗಾಡಿ ತೊಳಿಸ್ಬೇಕು," ಅಂತ ಛೇರ್ಮನ್ ನನ್ನ ಸೆರಗಿನಿಂದಲೇ ದೀಪ ಒರೆಸಿ ಹೊರಟುಹೋದ.

ಹೋದ ಹಲ್ಲಿನ ಕಥೆ ಹಾಗಿರಲಿ. ನಾನು ಹೇಳಹೊರಟದ್ದು ನನ್ನ ಮಾವನ ವಿಷಯ. ಈ ಛೇರ್ಮನ್ನನನ್ನು ಆಗ 'ಬುದ್ಧಿ' ಅನ್ನುತ್ತಿದ್ದೆ, ಈಗ ಹೇಳುವಾಗ ಬಹುವಚನ ಹಾಕಲಾರೆ, ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ನಮ್ಮ ಬಿಳೇಕಟ್ಟೆ ಸ್ಟೇಷನ್ ಸಮೇತನಹಳ್ಳಿ ಕಡೆಯಿಂದ ಬಂದರೆ ಮೂರು ಮೈಲಿ. ಮದರಾಸಿಗೆ ಹೋಗುವ ಮೇಲ್ ಗಾಡಿ ನಮ್ಮ ಮುಖಕ್ಕೆ ಹೊಗೆ ಉಗುಳಿ ಹೋಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಎಪ್ಪತ್ತೆರಡನೆಯ ಇಸವಿಯಲ್ಲಿ ಅದಕ್ಕೂ ಎರಡು ನಿಮಿಷ ನಿಲ್ಲುವ ಹುಕುಂ ಆಯಿತು. ಹೊಸಕೋಟೆ ಕಡೆಯ ಡಾಕ್ಟರು, ವಕೀಲರು, ತೋಟದ ಸಾಹುಕಾರರೆಲ್ಲ ಇನ್ನು ಕಾರಿನಲ್ಲಿ ಇಲ್ಲಿಗೇ ಬಂದು, ಕಾರು ಬಿಟ್ಟು, ಮದರಾಸಿಗೆ ಹೋಗಿಬರುತ್ತಾರೆ ಅಂದರು. ಸ್ಟೇಷನ್ ಮುಂದೆ ಆರು ಕಾರು ನಿಲ್ಲಬಹುದಿತ್ತು, ಏಳನೆಯದು ಬಂದರೆ ಜಟಕಾ ಕುದುರೆಯ ಮೂತಿಗೆ ತಗಲುತ್ತಿತ್ತು. ಅದಕ್ಕೆ ಪ್ಲಾನಾಯಿತು. ಐವತ್ತು ಕಾರು ನಿಲ್ಲುವಷ್ಟು ಜಾಗ ಮಾಡಬೇಕು. ಇಡೀ ತಾಲ್ಲೂಕಿನ ಕಾರುಗಳನ್ನು, ಕೆಟ್ಟು ಕೂತವನ್ನೂ ಸೇರಿಸಿ ತಳ್ಳಿಕೊಂಡು ಬಂದರೂ ಐವತ್ತು ಆಗುತ್ತಿರಲಿಲ್ಲ. "ಮುಂದೆ ಬರ್ತಾವೆ ಕಣ್ರೋ," ಅಂದ ಛೇರ್ಮನ್. ಇನ್ನೂ ಹುಟ್ಟದ ಕಾರುಗಳಿಗೆ ಜಾಗ ಹುಡುಕಿದರು ಪುಣ್ಯಾತ್ಮರು.

ಸ್ಟೇಷನ್ನಿಗೆ ಬೆನ್ನು ಹಾಕಿ ನಿಂತರೆ ಎಡಕ್ಕೆ ನಮ್ಮ ಕೇರಿ, ಇಪ್ಪತ್ತೆರಡು ಗುಡಿಸಲು. ಊರಿನ ತೋಟಿ ಕೆಲಸಕ್ಕೆಂದು ಮಹಾರಾಜರ ಕಾಲದಲ್ಲಿ ಬಿಟ್ಟ ಇನಾಂ ನೆಲ ಅದು. ಬಲಕ್ಕೆ ಛೇರ್ಮನ್ನನ ದ್ರಾಕ್ಷಿ ತೋಟ, ಅದರ ಕೊನೆಗೆ ಎಂಟು ವರ್ಷದ ಹಿಂದೆ ಕಟ್ಟಿಸಿದ ಅವನ ತಾರಸಿ ಮನೆ. ನಡುವೆ ಅಂಗಳದಂಚಿಗೆ ಒಂದು ಹುಣಸೇಮರ. ಕಾರಿನ ಜಾಗ ಎಡಕ್ಕೆ ಬೆಳೆಯಬೇಕೋ ಬಲಕ್ಕೆ ಬೆಳೆಯಬೇಕೋ ಅನ್ನುವುದೇ ಮಾತು. ಅದು ಮಾತೇ ಅಲ್ಲ ಅಂತ ನಿಮಗೂ ಗೊತ್ತು. ನಾವು ಹನ್ನೆರಡು ಹೆಂಗಸರು ಒಂದು ತಿಂಗಳಿಂದ ಆ ಜಾಗಕ್ಕೆ ಹಾಸಲು ಜಲ್ಲಿ ಕುಟ್ಟುತ್ತಿದ್ದೆವು. ನಮ್ಮ ಮನೆಗಳ ಮೇಲೇ ಹಾಸುವ ಜಲ್ಲಿ ಅಂತ ಒಬ್ಬಳಿಗೂ ಹೊಳೆದಿರಲಿಲ್ಲ. ಎಂಥ ಕತ್ತೆಗಳು ನಾವು!

ಹೊಳೆದದ್ದು ಗೂಟ ಬಂದಾಗ. ಸುಣ್ಣ ಬಳಿದ ಗೂಟಗಳನ್ನು ಛೇರ್ಮನ್ನನ ಆಳುಗಳು ಕೇರಿಯ ಸುತ್ತ ಹೊಡೆದುಕೊಂಡು ಬಂದರು. ಒಂದು ಗೂಟ ನಮ್ಮ ಬಾಗಿಲಿಗೂ ಒರಳುಕಲ್ಲಿಗೂ ನಡುವೆ ಬಿತ್ತು. ನನ್ನ ಗಂಡ ಮುನಿರಾಮಯ್ಯ, ಕೇರಿಯವರ ಬಾಯಲ್ಲಿ ಮುನ್ಯ, ಹೊರಗಿಂದ ಬಂದವನು ಅದನ್ನು ನೋಡಿದ. ಹನ್ನೊಂದು ಗೂಟ ಕಿತ್ತುಕೊಂಡು ಬಂದು ನೀರೊಲೆಗೆ ಹಾಕಿ, ಬಿಸಿನೀರು ಕಾಸಿ, ಸ್ನಾನ ಮಾಡಿದ. "ಒಳ್ಳೇ ಸೌದೆ ಕಣೇ," ಅಂದ.

ಮರುದಿನ ಮಧ್ಯಾಹ್ನ, ನಾವೆಲ್ಲ ಕಲ್ಲು ಕುಟ್ಟುತ್ತಿರುವಾಗಲೇ, ನಾಲ್ಕು ಜನ ಅವನನ್ನು ಎಳೆದುಕೊಂಡು ಬಂದರು. ಹುಣಸೇಮರಕ್ಕೆ ಕಟ್ಟಿ ಒದ್ದೆ ಹುರಿಹಗ್ಗದಲ್ಲಿ ಹೊಡೆದರು. ಬೆನ್ನು ಬಿರಿದು ಅಂಗಿ ಒಳಕ್ಕೆ ಅಂಟಿಕೊಂಡಿತು. ಅಷ್ಟಕ್ಕೆ ಛೇರ್ಮನ್ನನಿಗೆ ತೃಪ್ತಿಯಾಗಲಿಲ್ಲ. ಬಿಚ್ಚಿಸಿ, ರೈಲು ಕಂಬಿಯ ತನಕ ನಡೆಸಿದ.

"ಯಾವ ಕೈಯಾಗಲಾ ಕಿತ್ತಿದ್ದು?"

"ಎಲ್ಡು ಕೈಯಾಗೂ ಕಿತ್ತೆ," ಅಂದ ಮುನ್ಯ. ನನಗೆ ತಕ್ಕ ಗಂಡ, ಅವನ ಬಾಯಿಯೂ ಅಷ್ಟೇ.

"ಇವತ್ಗೆ ಒಂದು ಸಾಕು ಬುಡು. ಆ ಮುಂಡೆ ಸುತ್ಗೆ ಈಸ್ಕೊಂಬಾರ್ಲಾ."

ನನ್ನ ಕೈಯಿಂದಲೇ ಜಲ್ಲಿ ಸುತ್ತಿಗೆ ಕಿತ್ತುಕೊಂಡರು. ನಾನು ಆ ಆಳಿನ ಕೈ ಕಚ್ಚಿದೆ, ಮುಂದಿನ ಹಲ್ಲಿಲ್ಲದ ಬಾಯಲ್ಲಿ ಕಚ್ಚಿದರೆ ಏನಾದೀತು. ಇಬ್ಬರು ನನ್ನ ಮೇಲೆ ಕೂತರು. ಮುನ್ಯನ ಬಲಗೈಯನ್ನು ಕಂಬಿಯ ಮೇಲೆ ಚಾಚಿ ಹಿಡಿದು ಮೂರು ಏಟು ಹಾಕಿದರು. ಮೊದಲ ಏಟು ಮೆತ್ತಗೆ ಕೇಳಿಸಿತು. ಮೂರನೆಯದಕ್ಕೆ ಕಂಬಿಯೇ ಠಣ್ ಅಂದಿತು. ಮುನ್ಯ ಕೂಗಿದ ಕೂಗಿಗೆ ಜಟಕಾ ಕುದುರೆ ಬೆದರಿ ಗಾಡಿಯನ್ನು ಎಳೆದುಕೊಂಡು ಓಡಿತು. ಅದನ್ನು ಹಿಡಿಯಲು ಹತ್ತು ಜನ ಓಡಿದರು.

ಪೊಲೀಸಿಗೆ ದೂರು ಕೊಡಬಹುದಿತ್ತಲ್ಲ ಅನ್ನುತ್ತೀರಿ. ಕೊಡಬಹುದಿತ್ತು. ಪೊಲೀಸರು ಬರುತ್ತಿದ್ದದ್ದು ಛೇರ್ಮನ್ನನ ಕಾರಿನಲ್ಲಿ.

ಇಷ್ಟೆಲ್ಲ ಆಗುವಾಗ ನನ್ನ ಮಾವ ಆಂಜಿನಪ್ಪ ಎಲ್ಲಿದ್ದ? ಅಲ್ಲೇ ಇದ್ದ. ಊರಿನ ಕುಳುವಾಡಿ ಅವನು. ಊರಿನ ಗಡಿ, ಕೆರೆ, ಕಾಲುವೆ, ಯಾರ ಹೊಲ ಎಲ್ಲಿಂದ ಎಲ್ಲಿಗೆ ಅನ್ನುವುದೆಲ್ಲ ಅವನಿಗೆ ಬಾಯಿಪಾಠ. ಅವನಪ್ಪನಿಂದ ಬಂದದ್ದು, ಅವನಪ್ಪನಿಗೆ ಅವನಪ್ಪನಿಂದ. ಅರವತ್ತೈದು ದಾಟಿದ ಮುದುಕ, ಎದೆ ಗೂಡಾಗಿತ್ತು. ಮಗನ ಕೈ ಜಜ್ಜುವಾಗ ಛೇರ್ಮನ್ನನ ಕಾಲು ಹಿಡಿದುಕೊಂಡು ಮಲಗಿದ್ದ. ಅವನು ಒದ್ದರೆ ಉರುಳಿ ಮತ್ತೆ ಬಂದು ಹಿಡಿದುಕೊಳ್ಳುತ್ತಿದ್ದ. ನನಗೆ ಅದು ಕಂಡು ಹೇಸಿಗೆಯಾಯಿತು. ಹೌದು, ಹೇಸಿಗೆಯೇ. ಸುಳ್ಳು ಯಾಕೆ ಹೇಳಲಿ.

ನಾಲ್ಕು ದಿನ ಬಿಟ್ಟು ರೈಲ್ವೆ ಎಂಜಿನಿಯರ್ ಬಂದ. ಮದರಾಸಿನ ಕಡೆಯ ಎಳೆ ವಯಸ್ಸಿನವನು, ಕಂಕುಳಲ್ಲಿ ನೀಲಿ ಕಾಗದದ ಸುರುಳಿ, ಕೈಯಲ್ಲಿ ಹಳೆಯ ದಪ್ಪ ಪುಸ್ತಕ. ಛೇರ್ಮನ್ ಕಾರು ಕಳಿಸಿ ಅಮಲ್ದಾರನನ್ನೂ ಕರೆಸಿದ್ದ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಮೂವರೂ ಎಳನೀರು ಕುಡಿದರು. ನಾನು ಹತ್ತಿರದಲ್ಲೇ ಜಲ್ಲಿ ಹೊರುತ್ತಿದ್ದೆ. ನಮ್ಮಂಥವರು ಹತ್ತಿರ ಇದ್ದರೆ ಯಾರೂ ಮಾತು ನಿಲ್ಲಿಸುವುದಿಲ್ಲ, ಕಲ್ಲು ಬೆಂಚಿಗೆ ಕಿವಿಯಿದೆ ಅಂತ ಯಾರು ಹೆದರುತ್ತಾರೆ.

"ರೈಲ್ವೆ ಜಾಗ ಇರುದು ಸಾರ್. ಎರಡು ಎಕರೆ ಚಿಲ್ಲರೆ. ಬುಕ್ಕಲ್ಲಿ ಇರುದು," ಎಂದ ಎಂಜಿನಿಯರ್ ತನ್ನ ತಮಿಳುಗನ್ನಡದಲ್ಲಿ. "ಆನಾ ಕಲ್ಲು ಇಲ್ಲ. ನಾಲ್ಕು ಕಲ್ಲು ಇರಬೇಕು, ಒಂದೇ ಕಲ್ಲು ಇರುದು, ಸಿಗ್ನಲ್ ಪಕ್ಕದಲ್ಲಿ. ಅಲ್ಲಿಂದ ಲೆಫ್ಟಾ, ರೈಟಾ?"

ಬುಕ್ಕಿನಲ್ಲಿ ಅದಕ್ಕೂ ಉತ್ತರ ಇತ್ತೋ ಏನೋ. ಅವನು ಪುಟ ತಿರುಗಿಸುವ ಮೊದಲೇ ಛೇರ್ಮನ್ ಬಾಯಿ ಹಾಕಿದ.

"ನಮ್ಮೂರ್ದು ಒಂದು ಪದ್ಧತಿ ಐತೆ ಸಾರ್. ಗಡಿ ಕಲ್ಲು ಕಾಣ್ದೆ ಹೋದ್ರೆ ಕುಳುವಾಡಿ ತಲೆ ಮ್ಯಾಲೆ ಹೆಂಟೆ ಹೊರ್ತಾನೆ. ಅವನು ನಡೆದದ್ದೇ ಗಡಿ. ದೇವ್ರ ಮಾತಿದ್ದಂಗೆ, ಅದಕ್ಕೆ ಕೋರ್ಟಿಲ್ಲ, ಅಪೀಲಿಲ್ಲ. ಬೇಕಾದ್ರೆ ಅಮಲ್ದಾರ್ರನ್ನ ಕೇಳಿ."

"ಇದೆ, ಇದೆ. ಹಳೇ ಮಹಜರುಗಳಲ್ಲೆಲ್ಲ ಇದೆ," ಎಂದ ಅಮಲ್ದಾರ. "ಊರಿನವರ ರುಜು ಹಾಕಿಸಿದರೆ ಮುಗೀತು."

ಆ ಪದ್ಧತಿ ಇದ್ದದ್ದು ನಿಜ. ನಾನು ಮದುವೆಯಾಗಿ ಬಂದ ಮೇಲೆ ಒಂದೇ ಸಲ ನೋಡಿದ್ದೆ. ಗಡಿಕಲ್ಲಿನ ಬುಡದ ಮಣ್ಣನ್ನು ನೀರಲ್ಲಿ ಕಲಸಿ, ಎರಡು ಬೊಗಸೆಯಷ್ಟು ಹೆಂಟೆ ಮಾಡಿ ಕುಳುವಾಡಿಯ ಬೋಳುತಲೆಯ ಮೇಲೆ ಇಡುತ್ತಾರೆ. ಕೈಯಲ್ಲಿ ಹಿಡಿದುಕೊಳ್ಳುವ ಹಾಗಿಲ್ಲ. ಹೆಂಟೆ ತಲೆಯ ಮೇಲಿರುವ ತನಕ ಅವನನ್ನು ಯಾರೂ ಮುಟ್ಟಬಾರದು, ಎದುರು ನಿಲ್ಲಬಾರದು. ಗಡಿ ಗೌಡರ ಜಗುಲಿಯ ಮೇಲೆ ಹಾದರೆ ಅವನೂ ಜಗುಲಿಯ ಮೇಲೆ ಹಾಯುತ್ತಾನೆ, ದೇವಸ್ಥಾನದೊಳಗೆ ಹಾದರೆ ಒಳಗೇ ಹೋಗುತ್ತಾನೆ. ಮುಟ್ಟಿದವನ ವಂಶ ನಿಲ್ಲುವುದಿಲ್ಲ. ಹೆಂಟೆ ಬಿದ್ದರೆ ಮಾತ್ರ ಹೊತ್ತವನು ಸುಳ್ಳು ಹೆಜ್ಜೆ ಇಟ್ಟ ಎಂದೇ ಲೆಕ್ಕ. ಹೆಂಗಸರು ಹೆಂಟೆ ಮುಟ್ಟುವಂತೆಯೇ ಇರಲಿಲ್ಲ.

ಛೇರ್ಮನ್ ಮಾವನನ್ನು ಪಾರ್ಸೆಲ್ ಕೋಣೆಯ ಹಿಂದಕ್ಕೆ ಕರೆದ. ನಾನು ಬುಟ್ಟಿ ಹೊತ್ತು ಅಲ್ಲೇ ಸುಳಿದೆ.

"ನೋಡ್ಲಾ ಆಂಜ್ನ. ಹುಣಸೇಮರದ ತಾವ ಎಡಕ್ಕೆ ತಿರುಕ್ಕೊ. ಕೇರಿ ಪೂರ್ತಾ ಒಳಿಕ್ಕೆ ಬರಂಗೆ ನಡಿ. ನಿಮ್ಗೆಲ್ಲಾ ಕೆರೆ ಹಿಂದ್ಗಡೆ ಜಾಗ ಕೊಡಿಸ್ತೀನಿ. ಮುನ್ಯಂಗೆ ರೈಲ್ವೆ ಗೇಟು ಕಾಯೋ ಕೆಲ್ಸ. ಬಲಕ್ಕೇನಾರಾ ತಿರುಗ್ದೆ ಅಂದ್ರೆ ಅವನ ಇನ್ನೊಂದು ಕೈನೂ ಕಂಬಿ ಮ್ಯಾಲಿಕ್ತೀನಿ. ಕತ್ತೂ ಇಕ್ತೀನಿ. ತಿಳೀತೇನಲಾ?"

"ಆಯ್ತು ಬುದ್ಧಿ," ಎಂದ ಮಾವ.

ಅಷ್ಟೇ. ಆಯ್ತು ಬುದ್ಧಿ. ಇಪ್ಪತ್ತೆರಡು ಮನೆ ಹೋಯಿತು ಅಂದುಕೊಂಡೆ. ಛೇರ್ಮನ್ ಅವನಿಗೆ ಒಂದು ಹೊಸ ಪಂಚೆ ಎಸೆದ. ಮಾವ ಅದನ್ನು ನೆಲದಿಂದ ಎತ್ತಿ ಕಣ್ಣಿಗೊತ್ತಿಕೊಂಡ.

ಸಾಯಂಕಾಲ ಅವನು ಕ್ಷೌರ ಮಾಡಿಸಿಕೊಂಡು ಬೋಳುತಲೆಯಲ್ಲಿ ಮನೆಗೆ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಮುನ್ಯ ಜ್ವರದಲ್ಲಿ ನರಳುತ್ತಿದ್ದ, ಕೈ ಕುಂಬಳಕಾಯಾಗಿತ್ತು.

"ಬಂದ್ಯಾ ದೊಡ್ಡ ಮನ್ಸಾ? ಪಂಚೆ ಚೆನ್ನಾಗೈತೆ. ಮಗನ ಕೈ ಮಾರಿ ತಗಂಡಿದ್ದು ಅಲ್ವಾ?"

"ದ್ಯಾವಿ, ದಾರಿ ಬುಡವ್ವ."

"ಯಾವ ದಾರಿ? ಈ ಮನೆಯಾಗೆ ನಿಂಗೆ ಯಾವ ದಾರೀನೂ ಇಲ್ಲ. ನಾಳೆ ಕೇರಿನೆಲ್ಲ ಕಾರಿನ ಚಕ್ರದ ಕೆಳಗೆ ಹಾಕ್ತೀಯಲ್ಲ, ನಿನ್ನ ಗಂಟ್ಲಾಗೆ ಹಿಟ್ಟು ಎಂಗಿಳೀತದೆ ನಾನೂ ನೋಡ್ತೀನಿ. ಛೇರ್ಮನ್ನನ ಮನೆ ಮುಂದೆ ಹೋಗಿ ಬೊಗಳು, ಎಂಜ್ಲು ಹಾಕ್ತಾರೆ."

"ಹಿಟ್ಟು ಬ್ಯಾಡ ಬುಡು," ಅಂದ. ಅಂಗಳದಲ್ಲೇ ಗೋಡೆಗೊರಗಿ ಕೂತ.

ನಾನು ಉಗಿದೆ. ಅವನ ಕಾಲ ಬಳಿ ಬಿತ್ತು. ಕೇರಿಯವರು ನಾಲ್ಕು ಜನ ನೋಡುತ್ತಿದ್ದರು, ಯಾರೂ ಬೇಡ ಅನ್ನಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದದ್ದನ್ನೇ ನಾನು ಮಾಡಿದ್ದೆ. ಮಾಡಿದ ಮುದ್ದೆಯನ್ನು ಅವನ ಕಣ್ಣೆದುರಿಗೇ ನಾಯಿಗೆ ಹಾಕಿದೆ. ಹೆಂಟೆ ಹೊರುವವನು ಹಿಂದಿನ ದಿನದಿಂದ ಉಪವಾಸ ಇರಬೇಕು ಅಂತ ನನಗೆ ತಿಳಿದದ್ದು ಎಷ್ಟೋ ಆದ ಮೇಲೆ. ಇವತ್ತಿಗೂ ಮುದ್ದೆ ಕಟ್ಟುವಾಗ ಅದು ನೆನಪಾದರೆ ಕೈ ನಿಂತುಬಿಡುತ್ತದೆ.

ಬೆಳಿಗ್ಗೆ ಊರಿಗೆ ಊರೇ ಸ್ಟೇಷನ್ ಮುಂದೆ ಇತ್ತು. ಛೇರ್ಮನ್ನನ ನೆಂಟರಿಷ್ಟರ ಕಾರುಗಳು ಬಂದಿದ್ದವು. ಒಂಬತ್ತು ಕಾರು ಬಂದು, ಮೂರಕ್ಕೆ ಜಾಗ ಸಾಲದೆ ಹಾರನ್ನು ಹೊಡೆಯುತ್ತಿದ್ದವು. "ನೋಡಿದ್ರಾ ಸಾರ್, ಎಷ್ಟು ಕಷ್ಟ ಐತೆ," ಎಂದು ಛೇರ್ಮನ್ ಎಂಜಿನಿಯರಿಗೆ ತೋರಿಸಿದ. ಆಮೇಲೆ ಎಲ್ಲರೂ ಸಿಗ್ನಲ್ ಕಂಬದ ಹತ್ತಿರ ಹೋದರು. ಮುನ್ಯನೂ ಬೇಡವೆಂದರೂ ಕೇಳದೆ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ.

ಮಾವ ಹಳೆಯ ಚಿಂದಿ ಪಂಚೆಯಲ್ಲೇ ಬಂದಿದ್ದ. ಆಗಲಾದರೂ ನನಗೆ ಅರ್ಥವಾಗಬೇಕಿತ್ತು. ಕಲ್ಲಿನ ಬುಡ ಕೆದಕಿ, ಚೊಂಬಿನ ನೀರು ಹೊಯ್ದು, ಮಣ್ಣು ಕಲಸಿ, ತಾನೇ ತಲೆಯ ಮೇಲೆ ಇಟ್ಟುಕೊಂಡ. ಕೆಸರು ನೀರು ಕಿವಿಯ ಹಿಂದೆ ಇಳಿಯಿತು. ಕೈ ಎರಡನ್ನೂ ಕೆಳಗೆ ಬಿಟ್ಟ. ನಡೆದ.

ಕತ್ತು ಅಲುಗಾಡಲಿಲ್ಲ. ಹಿಂದೆ ಎಂಜಿನಿಯರಿನ ಆಳು ಟೇಪು ಎಳೆದುಕೊಂಡು, ಇನ್ನೊಬ್ಬ ಸುಣ್ಣದ ಗೆರೆ ಹಾಕಿಕೊಂಡು ಹೊರಟರು. ಹುಣಸೇಮರ ಬಂತು, ಅದೇ ಎರಡನೆಯ ಮೂಲೆ. ಎಡಕ್ಕೆ ನಮ್ಮ ಗುಡಿಸಲುಗಳು, ಅಂಗಳದಲ್ಲಿ ಮಕ್ಕಳು, ಬಾಗಿಲಲ್ಲಿ ಮುದುಕಿಯರು. ನಾನು ಕಣ್ಣು ಮುಚ್ಚಿಕೊಂಡೆ.

ಗುಜುಗುಜು ಕೇಳಿ ಕಣ್ಣು ಬಿಟ್ಟರೆ ಮಾವ ಬಲಕ್ಕೆ ತಿರುಗಿದ್ದ.

"ಲೇ ಮುದ್ಕ, ಆ ಕಡೆ ಕಣ್ಲಾ! ಕಣ್ಣು ಹೋದ್ವಾ ನಿನ್ಗೆ?" ಅಂತ ಛೇರ್ಮನ್ ನಕ್ಕ. ಅವನ ನೆಂಟರೂ ನಕ್ಕರು. ಮಾವ ದ್ರಾಕ್ಷಿ ತೋಟದ ಮುಳ್ಳುಬೇಲಿಯ ಹತ್ತಿರ ನಿಲ್ಲಲೂ ಇಲ್ಲ. ಮುಳ್ಳಿನೊಳಗೇ ಕಾಲಿಟ್ಟು ನಡೆದ. ತೊಡೆ ಹರಿದು ರಕ್ತ ಬಂತು. ಚಿಂದಿ ಪಂಚೆ ಬೇಲಿಗೆ ಸಿಕ್ಕಿ ಉಳಿಯಿತು. ಲಂಗೋಟಿಯಲ್ಲಿ ಮುದುಕ ತೋಟದೊಳಗೆ ಹೋದ. ನಗು ನಿಂತಿತು.

"ತಡೀರೋ ಅವನ್ನ! ಎಳ್ಕಂಬನ್ರೋ ಬೋಳಿಮಗನ್ನ!"

ಆಳುಗಳು ಬೇಲಿ ಹಾರಿ ಓಡಿದರು. ಓಡಿ ಹತ್ತಿರ ಹೋಗಿ ನಿಂತುಬಿಟ್ಟರು. ಮುಟ್ಟುವ ಧೈರ್ಯ ಯಾರಿಗಿದೆ? ಎಲ್ಲರೂ ಮಕ್ಕಳೊಂದಿಗರೇ. ತೋಟದ ಕೊನೆಯ ಮನೆಯ ಹಿತ್ತಿಲ ಜಗುಲಿಯಿಂದ ಛೇರ್ಮನ್ನನ ತಾಯಿ ಅಮ್ಮಯಮ್ಮ ಕೂಗಿಕೊಂಡಳು.

"ವೆಂಕ್ಟರಾಯಾ! ಮುಟ್ಬ್ಯಾಡ ಕಣಪ್ಪಾ! ಅವನ ತಲೆ ಮ್ಯಾಲೆ ಭೂಮ್ತಾಯಿ ಅವ್ಳೆ. ಮನೆ ಹಾಳಾಗ್ತದೆ ಕಣೋ!"

ಚಪ್ಪರದ ಬಳ್ಳಿಗಳು ಮಾವನ ಹೆಂಟೆಗೆ ಸವರುತ್ತಿದ್ದವು. ಮೊಣಕಾಲು ಮಡಿಸಿ, ಕತ್ತು ನೆಟ್ಟಗೆ ಇಟ್ಟುಕೊಂಡೇ ಅಡಿಯಲ್ಲಿ ನುಸುಳಿದ. ಆ ವಯಸ್ಸಿಗೆ ಅದು ಹೇಗೆ ಆಯಿತೋ ದೇವರೇ ಬಲ್ಲ. ಒಂದು ಕಡೆ ನಿಂತು, ಕಾಲಿನಿಂದ ನೆಲ ಕೆರೆದು ತೋರಿಸಿದ. ಆಳು ಅಗೆದ. ಮೂರು ಅಡಿ ಕೆಳಗೆ ಕಲ್ಲು ಸಿಕ್ಕಿತು. ರೈಲ್ವೆ ಗುರುತು ಕೆತ್ತಿದ ಕಲ್ಲು. ಹೂಳಿಸಿದವನಿಗೆ ಕಿತ್ತು ಬಿಸಾಡುವಷ್ಟು ಧೈರ್ಯ ಇರಲಿಲ್ಲ, ಗಡಿಕಲ್ಲು ಕಿತ್ತರೆ ಕೈ ಬಿದ್ದುಹೋಗುತ್ತದಂತಲ್ಲ.

ಎಂಜಿನಿಯರ್ ಪುಸ್ತಕ ತೆಗೆದು ನೋಡಿದ, ಟೇಪು ನೋಡಿದ. ಮಗುವಿನ ಹಾಗೆ ಹಿಗ್ಗಿ ಕೂಗಿದ.

"ಕರೆಕ್ಟ್! ಇನ್ನೂರ ಹತ್ತು ಅಡಿ, ಕರೆಕ್ಟಾ ಇರುದು! ಇವನು ಬುಕ್ಕೇ ನೋಡಿಲ್ಲ! ಅಮಲ್ದಾರ್ ಸಾರ್, ಬರೀರಿ, ರೈಟ್ ಸೈಡ್! ಎಲ್ಲಾ ರೈಲ್ವೆ ಜಾಗ!"

ಕೇರಿಯವರು ಬೇಲಿಯ ಹೊರಗಿಂದ ಒಂದೇ ಗಂಟಲಲ್ಲಿ ಹುಯ್ಯೆಂದರು. ನಾನೂ ಹುಯ್ಯಲಿಟ್ಟೆ, ಅಳುತ್ತಾ. ನನ್ನ ಮಾವ, ನನ್ನಪ್ಪ, ನಿನ್ನ ಪಾದ ತೊಳೆದು ಕುಡೀತೀನಿ ಅಂತ ಏನೇನೋ ಕಿರುಚಿದೆ. ಅವನಿಗೆ ಕೇಳಿಸಿತೋ ಇಲ್ಲವೋ. ಮುಂದಕ್ಕೆ ನಡೆದ. ಇನ್ನು ಉಳಿದಿದ್ದದ್ದು ಮನೆಯ ಕಡೆಯ ಮೂಲೆ.

ಹಿಂದಿನಿಂದ ಛೇರ್ಮನ್ ಬಂದ. ಕಲ್ಲುಕಂಬ ನೆಡಲು ಇಟ್ಟಿದ್ದ ಹಾರೆ ಅವನ ಕೈಯಲ್ಲಿತ್ತು. ಎರಡು ಕೈಯಲ್ಲಿ ಎತ್ತಿ ಮಾವನ ತಲೆಯ ಮೇಲೆ ಇಳಿಸಿದ.

ಹೆಂಟೆ ಒಡೆದು ಚೆಲ್ಲಾಪಿಲ್ಲಿಯಾಯಿತು. ಮಾವ ಕುಸಿದು ಮಗ್ಗುಲಾದ. ಛೇರ್ಮನ್ ಇನ್ನೊಂದು ಏಟು ಬೆನ್ನಿಗೆ ಹಾಕಿದ, ಮತ್ತೊಂದು. ಮುನ್ಯ ಬೇಲಿ ನುಗ್ಗಿ ಓಡಿದ. ಇಬ್ಬರು ಅವನ ಜಜ್ಜಿದ ಕೈಯನ್ನೇ ಹಿಡಿದು ತಿರುಚಿದರು, ನೆಲಕ್ಕೆ ಬಿದ್ದು ಹೊರಳಾಡಿದ. ಎಂಜಿನಿಯರ್ "ಐಯೋ, ಐಯೋ" ಅನ್ನುತ್ತಾ ಪುಸ್ತಕವನ್ನು ಎದೆಗೊತ್ತಿಕೊಂಡು ಹಿಂದೆ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಅವನ ಜೀಪು ಶುರುವಾದ ಸದ್ದು ಕೇಳಿತು.

ಛೇರ್ಮನ್ ಏದುಸಿರು ಬಿಡುತ್ತಾ ಸುತ್ತ ನೋಡಿದ. ಕಣ್ಣು ಕೆಂಪಗಿದ್ದವು.

"ಹೆಂಟೆ ಬಿತ್ತು! ಎಲ್ರೂ ನೋಡಿದ್ರಲ್ಲ? ಸುಳ್ಳು ಹೆಜ್ಜೆ ಇಟ್ಟ, ಹೆಂಟೆ ಬಿತ್ತು. ಪದ್ಧತಿ ಪದ್ಧತೀನೇ. ಬರ್ಕೊಳ್ರೀ ಅಮಲ್ದಾರ್ರೇ. ಗಡಿ ಬಲಕ್ಕಿಲ್ಲ, ಎಡಕ್ಕೇ ಅಂತ ಬರ್ಕೊಳ್ರಿ."

ಅಮಲ್ದಾರ ಪೆನ್ನಿನ ಮುಚ್ಚಳ ತೆಗೆದ. "ಅದು... ಪದ್ಧತಿ ಪ್ರಕಾರ ಹೆಂಟೆ ಬಿದ್ದರೆ..." ಎಂದು ಶುರುಮಾಡಿದ. ಬರೆಯತೊಡಗಿದ. ಒಬ್ಬ ಮನುಷ್ಯ ಅವನ ಕಾಲಿನ ಹತ್ತಿರ ರಕ್ತ ಕಾರುತ್ತಿದ್ದ, ಅವನು ತಾರೀಖು ಹಾಕುತ್ತಿದ್ದ.

ನಾನು ಮಾವನ ಹತ್ತಿರ ಕೂತೆ. ತಲೆಯ ಒಂದು ಪಕ್ಕ ಒಳಕ್ಕೆ ಹೋಗಿತ್ತು. ಒಂದು ಕಣ್ಣು ತೆರೆದಿತ್ತು.

"ಬಿತ್ತಾ?" ಅಂದ.

"ಬಿತ್ತು ಮಾವ."

"ಎತ್ತು."

"ನಾನು ಹೆಂಗ್ಸು. ನಾನು ಮುಟ್ಬಾರ್ದಲ್ಲ ಮಾವ."

"ಎತ್ತು ಮಗಾ. ಒಂದೇ ಮೂಲೆ ಉಳ್ದಿರೋದು. ಬಾವಿ ಎಡಕ್ಕೆ ಬುಡು. ನ್ಯಾರ ನಡಿ. ಅವ್ರ ಅಡ್ಗೆ ಮನೆ ಒಳ್ಗೇ ಹಾದು... ಆಚೆಗೆ ಬೇವಿನ ಮರದ ಬುಡ..."

ನಿನ್ನೆ ಅವನ ಕಾಲ ಬಳಿ ಉಗಿದವಳನ್ನು ಮಗಾ ಅಂದ. ಆ ಮೇಲೆ ಮಾತಾಡಲಿಲ್ಲ. ನಾನು ಕಾಯಲಿಲ್ಲ, ಅಮಲ್ದಾರ ಎರಡನೆಯ ಸಾಲು ಬರೆಯುತ್ತಿದ್ದ. ಚೂರಾದ ಹೆಂಟೆಯನ್ನು ಬಾಚಿದೆ. ಬಿಸಿ ನೆಲದಲ್ಲಿ ಬಿದ್ದದ್ದು ಪುಡಿಪುಡಿಯಾಗಿ ಬೆರಳ ಸಂದಿಯಲ್ಲಿ ಸೋರಿತು, ಕೂಡಿಕೊಳ್ಳಲಿಲ್ಲ. ನೀರಿನ ಚೊಂಬು ಸಿಗ್ನಲ್ ಕಂಬದ ಹತ್ತಿರವೇ ಉಳಿದಿತ್ತು. ಮಾವನ ತಲೆಯ ಕೆಳಗಿನ ಮಣ್ಣು ಒದ್ದೆಯಾಗಿತ್ತು. ಆ ಮಣ್ಣನ್ನೂ ಈ ಪುಡಿಯನ್ನೂ ಸೇರಿಸಿ ಕಲಸಿದೆ. ಗಟ್ಟಿಯಾಯಿತು. ಸೆರಗು ತೆಗೆದು, ತುರುಬು ಬಿಚ್ಚಿ, ತಲೆಯ ಮೇಲೆ ಇಟ್ಟುಕೊಂಡೆ. ಬೆಚ್ಚಗಿತ್ತು.

"ಬಿದ್ದಿಲ್ಲ ಸ್ವಾಮಿ!" ಅಂತ ಕೂಗಿದೆ. "ಹೆಂಟೆ ಬಿದ್ದಿಲ್ಲ! ಇಲ್ಲೈತೆ ನೋಡಿ! ಬರ್ಯೋದು ನಿಲ್ಸಿ!"

ಅಮಲ್ದಾರ ತಲೆ ಎತ್ತಿದ. ಪೆನ್ನು ನಿಂತಿತು.

ನಾನು ನಡೆದೆ. ಛೇರ್ಮನ್ ಹಾರೆ ಹಿಡಿದು ಎದುರಿಗೆ ಬಂದ.

"ಇಳಿಸೇ ಅದನ್ನ. ಇಳಿಸೇ ಹಾದರಗಿತ್ತಿ, ಸಿಗಿದು ತೋರಣ ಕಟ್ತೀನಿ."

"ಕಟ್ಟು. ಮಾವನ್ನ ಕೊಂದೆ, ಈಗ ನನ್ನ ಕೊಲ್ಲು. ನನ್ನ ತಲೆಯಿಂದ ಬಿದ್ರೆ ಇನ್ನೊಬ್ಳು ಎತ್ಕಂತಾಳೆ. ಕೇರಿಯಾಗೆ ಎಷ್ಟು ತಲೆ ಅವೆ ಎಣಿಸ್ಕೊಂಡಿದ್ದೀಯೇನೋ ಬೇವರ್ಸಿ?"

ಹಾರೆ ಬೀಸಿದ. ತಲೆಗೆ ಬೀಸಿದ್ದು ಭುಜಕ್ಕೆ ಬಿತ್ತು. ಎಡತೋಳಿನ ಮೂಳೆ ಲಟಕ್ಕೆಂದಿತು, ತೋಳು ನನ್ನದಲ್ಲವೆಂಬ ಹಾಗೆ ಜೋತುಬಿತ್ತು. ಕಣ್ಣು ಕತ್ತಲೆ ಬಂದು ಮತ್ತೆ ತಿಳಿಯಾಯಿತು. ಕತ್ತು ಮಾತ್ರ ಅಲುಗಾಡಿಸಲಿಲ್ಲ. ಇಷ್ಟು ವರ್ಷ ಜಲ್ಲಿ ಹೊತ್ತ ಕತ್ತು ಅದು. ಅವನ ಪಕ್ಕದಿಂದಲೇ ಹಾದುಹೋದೆ. ಅವನ ಆಳುಗಳಲ್ಲಿ ಒಬ್ಬ ಸರಿದು ದಾರಿ ಬಿಟ್ಟ. ಇನ್ನೊಬ್ಬ ಬಿಡಲಿಲ್ಲ, ನನ್ನ ಹಿಂದೆಯೇ ಬಂದ.

ಬಾವಿಯನ್ನು ಎಡಕ್ಕೆ ಬಿಟ್ಟೆ. ಹಿಂದೆ ಹೆಜ್ಜೆಯ ಸದ್ದು ಹೆಚ್ಚುತ್ತಾ ಬಂತು. ಒಂದು, ನಾಲ್ಕು, ಹತ್ತು, ಆಮೇಲೆ ಎಣಿಸಲಾಗಲಿಲ್ಲ. ನಮ್ಮ ಕೇರಿಯವರೋ ಅವನ ಕಡೆಯವರೋ ಗೊತ್ತಾಗುವಂತಿರಲಿಲ್ಲ. ತಿರುಗಿ ನೋಡಿದರೆ ಹೆಂಟೆ ಬೀಳುತ್ತಿತ್ತು. ಹಣೆಯ ಮೇಲಿಂದ ಇಳಿದು ಬಾಯಿಗೆ ಬಂದದ್ದು ಉಪ್ಪಾಗಿತ್ತು, ಅದು ನನ್ನದೋ ಮಾವನದೋ.

ಅಡಿಗೆ ಮನೆಯ ಬಾಗಿಲಲ್ಲಿ ಅಮ್ಮಯಮ್ಮ ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು ಅಡ್ಡ ನಿಂತಿದ್ದಳು. ಅವಳ ಹಿಂದೆ ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಗೋಡೆಗೆ ಹಿತ್ತಾಳೆ ಪಾತ್ರೆಗಳನ್ನು ಸಾಲಾಗಿ ಜೋಡಿಸಿತ್ತು. ನಮ್ಮ ಕೇರಿಯ ನೆರಳು ಕೂಡ ಅದರೊಳಗೆ ಬಿದ್ದದ್ದಿಲ್ಲ.

"ಬ್ಯಾಡ ಕಣೇ ತಾಯಿ," ಅಂದಳು ಮುದುಕಿ. ಅಳುತ್ತಿದ್ದಳು. "ನಿನ್ನ ದಮ್ಮಯ್ಯ ಅಂತೀನಿ, ಇಲ್ಲಿಗೆ ನಿಲ್ಸು."

"ದಾರಿ ಬುಡಿ ಅಮ್ಮಾರೆ," ಅಂದೆ. "ಕಾರು ನಿಲ್ಸೋಕೆ ಜಾಗ ಬೇಕಂತೆ."

ನನ್ನನ್ನು ಮುಟ್ಟಲಾರದೆ ಮುದುಕಿ ಪಕ್ಕಕ್ಕೆ ಸರಿದಳು. ಹೊಸಲು ದಾಟಿ ಒಳಗೆ ಕಾಲಿಟ್ಟೆ.